ಕೊಟ್ಟ ಚೆಂಡಿನ ಲೆಕ್ಕ



2024ರ ಮಾರ್ಚ್ 17ರ ರಾತ್ರಿ ನಿಮ್ಮಲ್ಲಿ ಅನೇಕರು ಟಿವಿ ಮುಂದೆ ಕುಳಿತಿದ್ದಿರಬೇಕು. ದೆಹಲಿಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನ ಫೈನಲ್. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಡೆಲ್ಲಿ ತಂಡವನ್ನು 113 ರನ್ನಿಗೆ ಉರುಳಿಸಿ 8 ವಿಕೆಟ್‌ಗಳಿಂದ ಗೆದ್ದಿತು. ಬರೀ 12 ರನ್ ಕೊಟ್ಟು 4 ವಿಕೆಟ್ ಕಿತ್ತವಳು ಶ್ರೇಯಾಂಕಾ ಪಾಟೀಲ. ಕಲಬುರಗಿ ಮೂಲದ ಹುಡುಗಿ. ಆಗ ವಯಸ್ಸು 21. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳೂ 2009ರ ಕೊನೆಯವರೆಗೆ ಅದೇ ಜಿಲ್ಲೆಗೆ ಸೇರಿದ್ದವಲ್ಲವೇ? 'ನಮ್ಮವಳು' ಎಂದು ನಾವು ಹಿಗ್ಗಿದ್ದರಲ್ಲಿ ತಪ್ಪೇನಿಲ್ಲ.

ಆಕೆಯನ್ನು ಮೆಚ್ಚುವವರು ಹೇಳುವ ಮಾತು ಒಂದೇ: ಎಲ್ಲದಕ್ಕೂ ಸೈ. ಸ್ಪಿನ್ ಹಾಕುತ್ತಾಳೆ, ಕೆಳಗಿನ ಕ್ರಮಾಂಕದಲ್ಲಿ ಬಂದು ಬ್ಯಾಟು ಬೀಸುತ್ತಾಳೆ, ಫೀಲ್ಡಿಂಗಿನಲ್ಲಿ ಚುರುಕು. ಇಂಥವರಿಗೆ ನಮ್ಮ ಪತ್ರಿಕೆಗಳು ಸವ್ಯಸಾಚಿ ಎಂದು ಅರ್ಜುನನ ಹೆಸರನ್ನೇ ಕೊಟ್ಟಿವೆ. ಆದರೆ ಆ ರಾತ್ರಿಯ ಪಂದ್ಯವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಒಂದೂ ವಿಕೆಟ್ ಬೀಳದೆ 64 ರನ್ ಗಳಿಸಿದ್ದ ಡೆಲ್ಲಿಯನ್ನು ಮೊದಲು ಅಲುಗಾಡಿಸಿದವಳು ಆಸ್ಟ್ರೇಲಿಯಾದ ಸೋಫಿ ಮೊಲಿನ್ಯೂ, ಒಂದೇ ಓವರಿನಲ್ಲಿ 3 ವಿಕೆಟ್ ತೆಗೆದು. ಬಾಗಿಲು ತೆರೆದವಳು ಒಬ್ಬಳು, ಒಳಹೊಕ್ಕವಳು ಇನ್ನೊಬ್ಬಳು. ಇಬ್ಬರಲ್ಲಿ ಯಾರ ಆಟ ದೊಡ್ಡದು?

ಈ ಪ್ರಶ್ನೆಗೆ ಬಾಸ್ಕೆಟ್‌ಬಾಲ್ ಆಟದವರು ತಮ್ಮದೇ ಒಂದು ದಾರಿ ಕಂಡುಕೊಂಡಿದ್ದಾರೆ. ಬುಟ್ಟಿಗೆ ಚೆಂಡು ಹಾಕಿದವರ ಅಂಕದ ಜೊತೆಗೆ, ಹಾಕಲೆಂದು ಚೆಂಡು ಒದಗಿಸಿಕೊಟ್ಟವರ ಹೆಸರೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಅಸಿಸ್ಟ್ ಎನ್ನುತ್ತಾರೆ. ಅಮೆರಿಕದ ಮಹಿಳಾ ವೃತ್ತಿಪರ ಲೀಗಿಗೆ 2024ರಲ್ಲಿ ಹೊಸದಾಗಿ ಬಂದ ಕೇಟ್ಲಿನ್ ಕ್ಲಾರ್ಕ್ ಎಂಬ ಹುಡುಗಿ ದೂರದಿಂದ ಬುಟ್ಟಿಗೆ ಎಸೆಯುವುದರಲ್ಲಿ ಹೆಸರಾದವಳು. ಆ ವರ್ಷ ಜುಲೈ 6ರಂದು ಒಂದೇ ಪಂದ್ಯದಲ್ಲಿ 19 ಅಂಕ ಗಳಿಸಿದಳು, ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು 12 ಸಲ ಹಿಡಿದಳು, 13 ಸಲ ಗೆಳತಿಯರಿಗೆ ಬುಟ್ಟಿಯ ದಾರಿ ಮಾಡಿಕೊಟ್ಟಳು. ಮೊದಲ ವರ್ಷದ ಆಟಗಾರ್ತಿಯೊಬ್ಬಳು ಮೂರರಲ್ಲೂ ಎರಡಂಕಿ ದಾಟಿದ್ದು ಆ ಲೀಗಿನಲ್ಲಿ ಅದೇ ಮೊದಲು. ಆ ಋತುವಿನಲ್ಲಿ ಆಕೆ ಕೊಟ್ಟ ಅಸಿಸ್ಟ್ 337, ಆಗ ಅದೂ ದಾಖಲೆಯಾಗಿತ್ತು. ನನಗೆ ಹಿಡಿಸಿದ್ದು ದಾಖಲೆಗಿಂತ ಹೆಚ್ಚಾಗಿ ಆ ಲೆಕ್ಕದ ಪದ್ಧತಿ. ಕೊಟ್ಟದ್ದನ್ನೂ ಅಲ್ಲಿ ಯಾರೋ ಕುಳಿತು ಬರೆದುಕೊಳ್ಳುತ್ತಾರೆ.

ನಮ್ಮ ಮನೆಗಳಲ್ಲಿ ಯಾರು ಬರೆದುಕೊಳ್ಳುತ್ತಾರೆ ಹೇಳಿ? ಏಳನೆಯ ತರಗತಿಯ ಹುಡುಗಿ ಬೆಳಗಾಗುವ ಮೊದಲೇ ನೀರು ತರುತ್ತಾಳೆ, ರೊಟ್ಟಿ ಬಡಿಯಲು ಅವ್ವನ ಪಕ್ಕ ಕೂರುತ್ತಾಳೆ, ತಮ್ಮನ ಮುಖ ತೊಳೆದು ಶಾಲೆಗೆ ಕಳಿಸುತ್ತಾಳೆ. ಹತ್ತಿ ಬಿಡಿಸುವ ದಿನಗಳಲ್ಲಿ ಹೊಲಕ್ಕೂ ಹೋಗುತ್ತಾಳೆ. ಅಪ್ಪ ಅವ್ವ ದುಡಿಯಲು ಬೆಂಗಳೂರಿಗೆ ಗುಳೆ ಹೋದರೆ ಮನೆಯ ಯಜಮಾನಿಕೆಯೂ ಆಕೆಯದೇ. ಇಂಥ ಸವ್ಯಸಾಚಿ ಯಾವ ತಂಡದಲ್ಲಿ ಸಿಕ್ಕಾಳು? 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಶೇಕಡ 41ರಷ್ಟು ಮಾತ್ರ. ಟಿವಿಯ ಹುಡುಗಿಗೆ ಚಪ್ಪಾಳೆ ತಟ್ಟಲು ನಮಗೆ ಏನೂ ಖರ್ಚಾಗುವುದಿಲ್ಲ. ಮನೆಯ ಹುಡುಗಿಯನ್ನು ಮೆಚ್ಚಬೇಕೆಂದರೆ ಆಕೆಯ ಕೈಯಿಂದ ಒಂದು ಕೆಲಸ ತೆಗೆದು ನಾವು ಮಾಡಬೇಕಾಗುತ್ತದೆ. ಅಲ್ಲಿಯೇ ನಾವು ತಡವರಿಸುತ್ತೇವೆ.

ಶುಭಸಂದೇಶದ ತಲೆಂತುಗಳ ಸಾಮತಿ ನಿಮಗೆ ಗೊತ್ತು. ಅಲ್ಲಿ ಆಳು ತನ್ನ ಪಾಲಿಗೆ ಬಂದದ್ದನ್ನು ಹೆದರಿ ತಾನೇ ಹೂತಿಟ್ಟ. ಅದಕ್ಕೆ ತಾನೇ ಉತ್ತರ ಕೊಡಬೇಕಾಯಿತು. ಮಗಳ ಪಾಲಿನದನ್ನು ನಾವು ಹೂತರೆ ಉತ್ತರ ಕೊಡಬೇಕಾದವರು ಯಾರು?

'ಎಲ್ಲರ ಮಗಳೂ ಶ್ರೇಯಾಂಕಾ ಆಗುತ್ತಾಳೇನು?' ಎಂದು ನೀವು ಕೇಳಬಹುದು. ಆಗುವುದಿಲ್ಲ. ಮಗ ಬ್ಯಾಟು ಹಿಡಿದು ಹೊರಟಾಗ ಈ ಪ್ರಶ್ನೆ ನಮಗೇಕೆ ಹೊಳೆಯುವುದಿಲ್ಲ? ಅವನು ಆಡಲಿ ಎಂದು ಬಿಡುತ್ತೇವೆ, ಏನೂ ಆಗದಿದ್ದರೂ ಸರಿ. ಇನ್ನು ಶ್ರೇಯಾಂಕಾಳೇ ಗಾಯಗೊಂಡು 2025ರ ಲೀಗನ್ನು ಪೂರ್ತಿ ಕಳೆದುಕೊಂಡಳು. ಆಗ ನಮ್ಮಲ್ಲಿ ಎಷ್ಟು ಜನ ಆಕೆಯನ್ನು ನೆನೆದೆವು?

ಮೊನ್ನೆ ಸಂಜೆ ನಮ್ಮೂರ ಶಾಲೆಯ ಬಯಲಿನಲ್ಲಿ ಹುಡುಗರು ಆಡುತ್ತಿದ್ದರು. ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಹೋಗುತ್ತಿದ್ದ ಒಬ್ಬ ಹುಡುಗಿ ನಿಂತು ನೋಡತೊಡಗಿದಳು. ಚೆಂಡು ಉರುಳಿ ಆಕೆಯ ಕಾಲ ಬಳಿಗೇ ಬಂತು. ಕೊಡ ಇಳಿಸಲಿಲ್ಲ, ಬಗ್ಗಿ ಒಂದೇ ಕೈಯಲ್ಲಿ ಎತ್ತಿ ಎಸೆದಳು. ಚೆಂಡು ನೇರ ಕೀಪರನ ಕೈಗೆ ಹೋಯಿತು. ಅವನು ಒಂದು ಗಳಿಗೆ ಆಕೆಯ ಕಡೆ ನೋಡಿದ. ಯಾರೂ ಏನೂ ಅನ್ನಲಿಲ್ಲ. ಆಕೆ ಆ ಓವರು ಮುಗಿಯುವವರೆಗೆ ನಿಂತಿದ್ದು, ಆಮೇಲೆ ಮನೆ ಕಡೆ ನಡೆದಳು.