ಸುದ್ದಿಯೂ ಒಂದು ಅಮಾನತ್

ಕರ್ತವ್ಯ ಮುಗಿಸಿದೆವು ಎಂದು ಹೇಳಿಕೊಳ್ಳಲು ಮನುಷ್ಯ ಕಂಡುಕೊಂಡಿರುವ ದಾರಿಗಳಲ್ಲಿ ನೋಟಿಸ್ ಬೋರ್ಡು ಬಹಳ ಸುಲಭವಾದದ್ದು. ಮೇಲಿನಿಂದ ಕಾಗದ ಬಂತು, ಅಂಟಿಸಿದೆವು, ಕೆಲಸ ಮುಗಿಯಿತು. ಓದಬೇಕಾದವರು ಓದಿದರೋ ಇಲ್ಲವೋ, ಓದಿದ್ದು ಅರ್ಥವಾಯಿತೋ ಇಲ್ಲವೋ ಎಂಬ ಪ್ರಶ್ನೆ ಅಂಟಿಸಿದವನನ್ನು ಕಾಡುವುದಿಲ್ಲ. ಹಾಗಾದರೆ ತಿಳಿಸುವುದು ಎಂದರೇನು? ಅದು ಯಾರ ಹೊಣೆ? ಆ ಹೊಣೆ ಎಲ್ಲಿಗೆ ಮುಗಿಯುತ್ತದೆ? ಮೇಲ್ನೋಟಕ್ಕೆ ಇದು ಕಚೇರಿ ವ್ಯವಹಾರದ ಪ್ರಶ್ನೆಯಂತೆ ಕಂಡರೂ ಆಳದಲ್ಲಿ ನೈತಿಕ ಪ್ರಶ್ನೆ. ಬಡವರ ಮಕ್ಕಳ ಶಾಲೆಯ ವಿಷಯದಲ್ಲಂತೂ ಇದು ಒಂದು ಮಗುವಿನ ಬದುಕಿನ ಪ್ರಶ್ನೆ.

ಬೀದರ್ ತಾಲ್ಲೂಕಿನ ಕಮಠಾಣದಂಥ ಊರನ್ನು ತೆಗೆದುಕೊಳ್ಳಿ. ಅಲ್ಲಿರಲಿ, ಭಾಲ್ಕಿ ಔರಾದ್ ಕಡೆಯ ಹಳ್ಳಿಗಳಲ್ಲಿರಲಿ, ಒಂದೇ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಕೇಳಿಸುತ್ತವೆ. ತಾಂಡಾಗಳಲ್ಲಿ ಲಂಬಾಣಿ ಬೇರೆ. ಎಷ್ಟೋ ಮನೆಗಳಲ್ಲಿ ಗಂಡ ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗಿರುತ್ತಾನೆ. ಹೆಂಡತಿ ತೊಗರಿ, ಸೋಯಾ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಅಂಥ ತಾಯಿಯೊಬ್ಬಳು ಶಾಲೆಗೆ ಬಂದಾಗ ನಡೆಯುವ ಮಾತು ನಮಗೆಲ್ಲ ಗೊತ್ತಿರುವಂಥದ್ದೇ.

“ನಮ್ಮ ಹುಡುಗೀದು ಫಾರಂ ತುಂಬೋದಿತ್ರಿ ಸರ್.”

“ತಾರೀಖ್ ಹೋಯ್ತಲ್ಲಮ್ಮ. ಬೋರ್ಡಿನ ಮ್ಯಾಲ ಹಾಕಿದ್ವಿ, ನೋಡಿಲ್ಲೇನು?”

“ಅದನ್ನ ಓದಾಕ ಬರ್ತಿದ್ರ ನಿಮ್ಮ ತನಕ ಯಾಕ್ ಬರ್ತಿದ್ದೆ ಸರ್?”

ಈ ಮೂರನೆಯ ಮಾತಿಗೆ ಉತ್ತರವಿಲ್ಲ. ಆದರೂ ತಪ್ಪು ಆ ತಾಯಿಯ ತಲೆಗೇ ಕಟ್ಟಲ್ಪಡುತ್ತದೆ.

ತಪ್ಪಿಹೋಗುವುದು ಏನೆಂದು ನೋಡೋಣ. ಐದನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ವರ್ಷಗಳಲ್ಲಿ ಬಡ ಮಕ್ಕಳಿಗೆ ಕೆಲವು ಬಾಗಿಲುಗಳು ತೆರೆಯುತ್ತವೆ, ಬೇಗನೆ ಮುಚ್ಚಿಯೂ ಬಿಡುತ್ತವೆ. ನಮ್ಮ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿದೆ. ಆರನೆಯ ತರಗತಿಗೆ ಅಲ್ಲಿ ಸೇರಬೇಕಾದರೆ ಐದನೆಯ ತರಗತಿಯಲ್ಲಿರುವಾಗ ಪರೀಕ್ಷೆ ಬರೆಯಬೇಕು. ಮುಕ್ಕಾಲು ಪಾಲು ಸೀಟುಗಳು ಗ್ರಾಮೀಣ ಮಕ್ಕಳಿಗೇ ಇವೆ. ಊಟ, ವಸತಿ ಉಚಿತ. ಆದರೆ ಈ ಪರೀಕ್ಷೆಗೆ ಎರಡನೆಯ ಅವಕಾಶವಿಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೆಯ ತರಗತಿಗೆ ಪರೀಕ್ಷೆಯ ಮೂಲಕವೇ ಪ್ರವೇಶ. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳ ಹೆಣ್ಣುಮಕ್ಕಳಿಗಾಗಿ 2004ರಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳ ಯೋಜನೆ ಬಂತು. ದಲಿತ, ಆದಿವಾಸಿ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ವರ್ಗದ ಹುಡುಗಿಯರಿಗೆ ಅಲ್ಲಿ ಮುಕ್ಕಾಲು ಪಾಲು ಜಾಗ. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದ ಮಕ್ಕಳು ಅದನ್ನು ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಮುಗಿದ ಮೇಲೆ ಹೆಣ್ಣುಮಗಳ ಓದು ನಿಲ್ಲುತ್ತದೋ ಮುಂದುವರಿಯುತ್ತದೋ ಎಂಬುದನ್ನು ಎಷ್ಟೋ ಮನೆಗಳಲ್ಲಿ ಇಷ್ಟು ಹಣವೇ ತೀರ್ಮಾನಿಸುತ್ತದೆ.

ಈ ಸುದ್ದಿ ಮೊದಲು ಯಾರಿಗೆ ತಿಳಿಯುತ್ತದೆ? ನೌಕರಸ್ಥರಿಗೆ, ಮಕ್ಕಳನ್ನು ಟ್ಯೂಷನ್‌ಗೆ ಕಳಿಸುವವರಿಗೆ, ಕಚೇರಿಗಳಲ್ಲಿ ಪರಿಚಯವಿದ್ದವರಿಗೆ. ಅಂದರೆ ಅದು ಇಲ್ಲದಿದ್ದರೂ ಬದುಕು ನಡೆಯುವವರಿಗೆ. ಕೂಲಿಯವಳ ಮನೆಗೆ ಅದು ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಈಗ ಶಾಲೆಗಳಲ್ಲಿ ವಾಟ್ಸಾಪ್ ಗುಂಪುಗಳಿವೆ. ಆದರೆ ಆ ಮನೆಯ ಫೋನು ಪುಣೆಯಲ್ಲಿರುವ ಗಂಡನ ಜೇಬಿನಲ್ಲಿರುತ್ತದೆ. ಪರೀಕ್ಷೆಯ ತಾರೀಖು ಶುಭೋದಯದ ಹೂವಿನ ಚಿತ್ರಗಳ ಕೆಳಗೆ ಹೂತುಹೋಗಿರುತ್ತದೆ. ಬೋರ್ಡು ಗೋಡೆಯಿಂದ ಫೋನಿಗೆ ಬಂದಿದೆಯೇ ಹೊರತು ಅದನ್ನು ಅಂಟಿಸುವವನ ಮನಸ್ಸು ಬದಲಾಗಿಲ್ಲ.

ನಮ್ಮ ಭಾಗದ ಚರಿತ್ರೆ ಈ ವಿಷಯದಲ್ಲಿ ಒಂದು ಪಾಠ ಕಲಿಸುತ್ತದೆ. ನಿಜಾಮರ ಕಾಲದಲ್ಲಿ ಬೀದರಿನ ಕಚೇರಿ, ಕೋರ್ಟು, ಶಾಲೆಗಳಲ್ಲಿ ಉರ್ದು ನಡೆಯುತ್ತಿತ್ತು. ಕನ್ನಡ, ಮರಾಠಿ ಮಾತಾಡುವ ರೈತ ತನ್ನದೇ ಹೊಲದ ಕಾಗದವನ್ನು ಓದಲಾರದೆ ಇನ್ನೊಬ್ಬರ ಮುಂದೆ ಹಿಡಿಯಬೇಕಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ಬೀದರ್ ಕನ್ನಡ ನಾಡಿಗೆ ಬಂತು, ಕಚೇರಿಯ ಭಾಷೆ ಕನ್ನಡವಾಯಿತು. ಅದು ಆಗಬೇಕಾದದ್ದೇ. ಆದರೆ ಉರ್ದುವಿನಲ್ಲಿ ಚೆನ್ನಾಗಿ ಓದು ಬರಹ ಬಲ್ಲ ಒಂದು ತಲೆಮಾರು ಸರ್ಕಾರಿ ಬೋರ್ಡಿನ ಮುಂದೆ ಅನಕ್ಷರಸ್ಥವಾಯಿತು. ನಿನ್ನೆ ಅವರು, ಇಂದು ಇವರು. ಹಾಗಾಗಿ ಓದಲು ಬಾರದಿರುವುದು ಬುದ್ಧಿಯ ಕೊರತೆಯಲ್ಲ. ಗೋಡೆಯ ಮೇಲಿರುವ ಅಕ್ಷರ ಯಾರದು ಎಂಬುದರ ಮೇಲೆ ಒಬ್ಬರು ಜಾಣರೂ ಇನ್ನೊಬ್ಬರು ದಡ್ಡರೂ ಆಗುತ್ತಾರೆ. ಇದನ್ನು ಎರಡೂ ಕಡೆಯಿಂದ ಅನುಭವಿಸಿದ ಜಿಲ್ಲೆಯವರಾದ ನಾವು ‘ಬೋರ್ಡಿನ ಮೇಲೆ ಹಾಕಿದ್ದೆವಲ್ಲ’ ಎಂದು ಹೇಳುವಾಗ ಕೊಂಚ ನಾಚಬೇಕು.

ಕಾನೂನು ಕೂಡ ಈ ಉತ್ತರವನ್ನು ಒಪ್ಪುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಅರ್ಜಿ ಹಾಕಿ ಕೇಳುವ ಹಕ್ಕು ಎಂದಷ್ಟೇ ನಾವು ತಿಳಿದಿದ್ದೇವೆ. ಅದರ ನಾಲ್ಕನೆಯ ಕಲಮಿನಲ್ಲಿ, ಯಾರೂ ಕೇಳದಿದ್ದರೂ ಸರ್ಕಾರಿ ಸಂಸ್ಥೆಗಳು ತಾವಾಗಿಯೇ ಮಾಹಿತಿ ಹಂಚಬೇಕು, ಹಾಗೆ ಹಂಚುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ವಿಧಾನವನ್ನೂ ಗಮನಿಸಬೇಕು ಎಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳುತ್ತದೆ. ಕರ್ನಾಟಕದಲ್ಲಿ ಎಸ್‌ಡಿಎಂಸಿ 2001ರಿಂದಲೇ ಇದೆ. ಪಾಲಕರು ಶಾಲೆಯ ಹೊರಗಿನವರಲ್ಲ ಎಂಬುದೇ ಇದರ ಅರ್ಥ.

ಧರ್ಮ ಇನ್ನೂ ಮುಂದೆ ಹೋಗುತ್ತದೆ. ಕನ್ನಡ ಪತ್ರಿಕೆಗಳಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು. ನಮ್ಮ ಮನೆಗಳ ಉರ್ದುವಿನಲ್ಲಿ ಅಮಾನತ್ ಎಂದರೆ ಇನ್ನೊಬ್ಬರಿಗೆ ಸೇರಿದ್ದು ನಮ್ಮ ಕೈಯಲ್ಲಿ ಇಡಲ್ಪಟ್ಟಿರುವುದು. ಅದನ್ನು ಒಡೆಯನಿಗೆ ಮುಟ್ಟಿಸಿದಾಗಲೇ ಋಣ ತೀರುತ್ತದೆ. ಪ್ರವಾದಿ ಮುಹಮ್ಮದ್(ಸ) ಹಿಜರಿ 10ರಲ್ಲಿ ತಮ್ಮ ವಿದಾಯ ಹಜ್‌ನ ಪ್ರವಚನದಲ್ಲಿ, ಅಲ್ಲಿ ಹಾಜರಿದ್ದವರು ಹಾಜರಿಲ್ಲದವರಿಗೆ ಆ ಸಂದೇಶವನ್ನು ಮುಟ್ಟಿಸಬೇಕೆಂದು ಆದೇಶಿಸಿದರು. ಅಷ್ಟೇ ಅಲ್ಲ, ನಾನು ನಿಮಗೆ ತಲುಪಿಸಿದೆನೇ ಎಂದು ಜನರನ್ನೇ ಕೇಳಿದರು, ಅವರ ಉತ್ತರಕ್ಕೆ ಅಲ್ಲಾಹನನ್ನು ಸಾಕ್ಷಿಯಾಗಿಸಿದರು. ತಿಳಿಸಿದ ಮೇಲೆ ತಲುಪಿತೇ ಎಂದು ಕೇಳುವುದು ತಿಳಿಸುವವನ ಕೆಲಸದ ಭಾಗವೇ ಎಂಬುದು ಇದರಿಂದ ಸ್ಪಷ್ಟ. ಪವಿತ್ರ ಕುರ್‌ಆನ್‌ನ ಅತಿ ಉದ್ದದ ವಚನ ಸಾಲದ ಬರವಣಿಗೆಯ ಕುರಿತದ್ದು. ಬರೆಯಬಲ್ಲವನು ಬರೆದುಕೊಡಲು ನಿರಾಕರಿಸಬಾರದು, ಏಕೆಂದರೆ ಆ ವಿದ್ಯೆ ಅವನಿಗೆ ಅಲ್ಲಾಹನಿಂದ ಬಂದದ್ದು ಎಂಬ ತಾತ್ಪರ್ಯ ಅದರಲ್ಲಿದೆ. ಅಕ್ಷರ ಬಲ್ಲವನ ಅಕ್ಷರದಲ್ಲಿ ಅಕ್ಷರ ಬಾರದವನಿಗೂ ಪಾಲಿದೆ ಎಂದಾಯಿತು.

ಇಲ್ಲಿ ಶಿಕ್ಷಕರ ಮಾತನ್ನೂ ಕೇಳಬೇಕು. ಪಾಠದ ಜೊತೆಗೆ ಬಿಸಿಯೂಟ, ಗಣತಿ, ಮತದಾರರ ಪಟ್ಟಿ, ಕಂಪ್ಯೂಟರಿಗೆ ತುಂಬಬೇಕಾದ ವಿವರಗಳು ಎಲ್ಲವೂ ಅವರ ಹೆಗಲ ಮೇಲಿವೆ. ಪಾಲಕರ ಸಭೆ ಕರೆದರೆ ನಾಲ್ಕು ಜನ ಬರುತ್ತಾರೆ, ಬಾರದವರ ಮನೆ ಮನೆಗೆ ಹೋಗಲು ಸಾಧ್ಯವೇ ಎಂದು ಅವರು ಕೇಳುತ್ತಾರೆ. ಈ ಕಷ್ಟ ಸುಳ್ಳಲ್ಲ. ಆದರೆ ಹಗಲು ಹನ್ನೊಂದಕ್ಕೆ ಕರೆದ ಸಭೆಗೆ ಬಂದರೆ ಆ ತಾಯಿಯ ದಿನದ ಕೂಲಿ ಹೋಗುತ್ತದೆ ಎಂಬುದೂ ಸುಳ್ಳಲ್ಲ. ಕುರ್‌ಆನ್‌ನ ‘ಅಬಸ’ ಅಧ್ಯಾಯದ ಹಿನ್ನೆಲೆಯನ್ನು ನಾವು ಮದ್ರಸಾದಲ್ಲಿ ಕೇಳಿ ಬಲ್ಲೆವು. ಪ್ರವಾದಿ(ಸ) ಮಕ್ಕಾದ ಮುಖಂಡರೊಂದಿಗೆ ಮಾತನಾಡುತ್ತಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್ ತಿಳಿಯುವ ಹಂಬಲದಿಂದ ಬಂದರು. ಆ ಕ್ಷಣ ಪ್ರವಾದಿಯವರ ಗಮನ ಮುಖಂಡರ ಕಡೆಗೇ ಇತ್ತು. ಅದಕ್ಕಾಗಿ ಅಲ್ಲಾಹನಿಂದ ಎಚ್ಚರಿಕೆ ಬಂತು. ಪ್ರವಾದಿಯವರಿಗೇ ಬಂದ ಈ ಎಚ್ಚರಿಕೆ ಎಲ್ಲ ಕಾಲದ ಶಾಲೆ, ಕಚೇರಿ, ಜಮಾಅತ್‌ಗಳಿಗೂ ಸಲ್ಲುತ್ತದೆ. ಸಮಯ ಕಡಿಮೆಯಿದ್ದಾಗ ಅದನ್ನು ಯಾರಿಗೆ ಕೊಡುತ್ತೇವೆ ಎಂಬುದರಲ್ಲೇ ನಮ್ಮ ನ್ಯಾಯದ ಪರೀಕ್ಷೆ ಇದೆ.

ಇನ್ನು ಕಠಿಣವಾದ ಪ್ರಶ್ನೆಗೆ ಬರೋಣ. ಹೊಣೆ ಶಾಲೆಯದು ಮಾತ್ರವೇ? ಸುದ್ದಿ ಸಿಕ್ಕ ಪಾಲಕನದಲ್ಲವೇ? ನವೋದಯದ ಫಾರಂ ಬಂದಿದೆ ಎಂದು ಒಬ್ಬ ತಂದೆಗೆ ಗೊತ್ತಾಯಿತು. ಪಕ್ಕದ ಮನೆಯ ಹುಡುಗ ಲೆಕ್ಕದಲ್ಲಿ ಚುರುಕು. ಹೇಳಿದರೆ ಅವನೂ ಬರೆಯುತ್ತಾನೆ, ಸೀಟು ಇರುವುದೋ ಎಣಿಸಿದಷ್ಟು. ತಂದೆ ಸುಮ್ಮನಿರುತ್ತಾನೆ. ಅವನು ಸುಳ್ಳು ಹೇಳಿಲ್ಲ, ಯಾರದನ್ನೂ ಕಸಿದಿಲ್ಲ, ಲಂಚ ಕೊಟ್ಟಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದೂ ಅನ್ನಬಹುದು. ಆದರೆ ಇದೆ ಎಂದೇ ಗೊತ್ತಿಲ್ಲದ್ದನ್ನು ಯಾರಾದರೂ ಹೇಗೆ ಕೇಳುತ್ತಾರೆ?

ಇದಕ್ಕೆ ನನಗೆ ಸಿಕ್ಕ ಉತ್ತರ ವ್ಯಾಪಾರದ ನಿಯಮವೊಂದರಲ್ಲಿದೆ. ಸರಕು ಹೊತ್ತು ಬರುವ ಕಾಫಿಲಾ ಪೇಟೆ ಮುಟ್ಟುವ ಮೊದಲೇ ದಾರಿಯಲ್ಲಿ ಎದುರುಗೊಂಡು ಅದನ್ನು ಕೊಳ್ಳುವುದನ್ನು ಪ್ರವಾದಿ(ಸ) ನಿಷೇಧಿಸಿದರು. ಹಾಗೆ ಮಾರಿದವನು ಪೇಟೆಗೆ ಬಂದು ನಿಜ ಬೆಲೆ ತಿಳಿದ ಮೇಲೆ ಆ ಮಾರಾಟವನ್ನು ಮುರಿಯುವ ಹಕ್ಕನ್ನೂ ಕೊಟ್ಟರು. ಬೀದರಿನ ಗಾಂಧಿಗಂಜ್‌ಗೆ ತೊಗರಿ ತರುವ ರೈತನನ್ನು ಊರ ಹೊರಗೇ ತಡೆದು, ಇಂದಿನ ದರ ಗೊತ್ತಿಲ್ಲದ ಅವನಿಂದ ಅಗ್ಗಕ್ಕೆ ಕೊಳ್ಳುವ ದಲ್ಲಾಳಿಯನ್ನು ನೆನೆದರೆ ಈ ನಿಯಮ ತಟ್ಟನೆ ಅರ್ಥವಾಗುತ್ತದೆ. ಆ ದಲ್ಲಾಳಿಯೂ ಸುಳ್ಳು ಹೇಳಿರಬೇಕೆಂದಿಲ್ಲ. ಇನ್ನೊಬ್ಬನಿಗೆ ತಿಳಿಯದೆ ಇರುವುದನ್ನೇ ತನ್ನ ಬಂಡವಾಳ ಮಾಡಿಕೊಂಡ, ಅದೇ ಅವನ ಅಪರಾಧ. ಸುಮ್ಮನಿದ್ದ ತಂದೆಯ ಲಾಭವೂ ಇಂಥದ್ದೇ. ಸ್ಪರ್ಧೆಯಲ್ಲಿ ಗೆಲ್ಲುವುದು ಬೇರೆ, ಸ್ಪರ್ಧೆ ಇದೆ ಎಂದು ಪಕ್ಕದವರಿಗೆ ಗೊತ್ತಾಗದಂತೆ ನೋಡಿಕೊಂಡು ಗೆಲ್ಲುವುದು ಬೇರೆ.

ಹಾಗಾದರೆ ತನ್ನ ಮಗುವಿಗಾಗಿ ಶ್ರಮಿಸುವುದು ತಪ್ಪೇ? ಖಂಡಿತ ಅಲ್ಲ. ರಾತ್ರಿ ಕೂತು ಲೆಕ್ಕ ಹೇಳಿಕೊಡಿ, ಹಳೆಯ ಪ್ರಶ್ನೆಪತ್ರಿಕೆ ಮಾಡಿಸಿ, ಮಗು ಮೊದಲ ಸ್ಥಾನಕ್ಕೆ ಬರಲೆಂದು ದುಆ ಮಾಡಿ. ನಿಮ್ಮ ಶ್ರಮದ ಫಲ ನಿಮ್ಮದು. ಆದರೆ ಸುದ್ದಿ ನಿಮ್ಮ ಶ್ರಮದ ಫಲವಲ್ಲ. ಅದು ಸಾರ್ವಜನಿಕರ ಸೊತ್ತು, ಮೊದಲು ನಿಮ್ಮ ಕೈಗೆ ಬಂದಿದೆ ಅಷ್ಟೆ. ಸೀಟು ಕಡಿಮೆ ಇರುವುದು ಸರ್ಕಾರದ ಕೊರತೆ. ಅದನ್ನು ಸೀಟು ಹೆಚ್ಚಿಸಿ ಎಂದು ಕೇಳಿ ತುಂಬಿಸಬೇಕೇ ಹೊರತು ಪಕ್ಕದ ಮನೆಯವರನ್ನು ಕತ್ತಲಲ್ಲಿಟ್ಟು ಅಲ್ಲ. ಇದಕ್ಕೂ ಒಂದು ಮಿತಿ ಇದೆ ನಿಜ. ಇಡೀ ಜಿಲ್ಲೆಗೆ ಹೇಳುವುದು ಒಬ್ಬನಿಂದ ಆಗದು. ಕೈಗೆಟುಕುವಷ್ಟು ಓಣಿ, ಜೊತೆಗೆ ಓದುವ ಮಕ್ಕಳು, ಮನೆಗೆಲಸಕ್ಕೆ ಬರುವವಳ ಮಗಳು, ಇಷ್ಟಾದರೂ ಪ್ರತಿಯೊಬ್ಬನ ಪಾಲಿಗೆ ಬರುತ್ತದೆ.

ಒಳ್ಳೆಯ ಸುದ್ದಿಯಷ್ಟೇ ಅಲ್ಲ, ಕೆಟ್ಟ ಸುದ್ದಿಯೂ ಅಮಾನತ್ತೇ. ಅಲ್ಪಸಂಖ್ಯಾತ ಮಕ್ಕಳಿಗೆ 2008ರಲ್ಲಿ ಆರಂಭವಾಗಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಒಂದರಿಂದ ಎಂಟನೆಯ ತರಗತಿಯವರಿಗೆ ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ನಿಲ್ಲಿಸಿತು. ಆ ವೇಳೆಗೆ ಆದಾಯ ಪ್ರಮಾಣಪತ್ರಕ್ಕೆ ಅಲೆದು, ಝೆರಾಕ್ಸ್ ಮಾಡಿಸಿ ಅರ್ಜಿ ಹಾಕಿದವರು ದೇಶದ ತುಂಬ ಇದ್ದರು. ನಿಂತಿದೆ ಎಂಬ ಮಾತು, ಅದಕ್ಕೆ ಸರ್ಕಾರ ಕೊಟ್ಟ ಕಾರಣ ಇವೆರಡೂ ಮನೆಗೆ ಮುಟ್ಟದಿದ್ದರೆ ಏನಾಗುತ್ತದೆ? ಹೆಡ್‌ಮಾಸ್ತರರೇ ಹಣ ತಿಂದರು ಎಂಬ ಗುಮಾನಿ ಹುಟ್ಟುತ್ತದೆ. ಸರಿಯಾದ ಸುದ್ದಿ ಹೋಗದ ಜಾಗಕ್ಕೆ ಗಾಳಿಸುದ್ದಿ ಹೋಗುತ್ತದೆ. ಕೋಪವಿರಲಿ, ಪ್ರತಿಭಟನೆಯಿರಲಿ, ಅದು ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ಸಲ್ಲಬೇಕಾದರೂ ಜನರಿಗೆ ನಿಜ ತಿಳಿದಿರಬೇಕು.

ಓದದೆ ಹಾಕುವ ಸಹಿ, ಒತ್ತುವ ಹೆಬ್ಬೆಟ್ಟಿನ ಬಗ್ಗೆಯೂ ಒಂದು ಮಾತು. ಬೀದರಿನಲ್ಲಿ 1472ರಲ್ಲಿ ಮದ್ರಸಾ ಕಟ್ಟಿಸಿದ ವಜೀರ ಮಹಮೂದ್ ಗಾವಾನರ ಅಂತ್ಯ ಗೊತ್ತಿರುವಂಥದ್ದೇ. ಅವರ ಮುದ್ರೆ ಒತ್ತಿದ್ದ ಖಾಲಿ ಕಾಗದದ ಮೇಲೆ ವಿರೋಧಿಗಳು ರಾಜದ್ರೋಹದ ಪತ್ರ ಬರೆದರು. ಸುಲ್ತಾನ ವಿಚಾರಿಸದೆ 1481ರಲ್ಲಿ ಅವರ ತಲೆ ತೆಗೆಸಿದ. ವಿದ್ಯೆಗೆ ಅಷ್ಟು ದೊಡ್ಡ ಕಟ್ಟಡ ಕಟ್ಟಿದವರ ಪ್ರಾಣವನ್ನೇ ಖಾಲಿ ಕಾಗದದ ಮೇಲಿನ ಮುದ್ರೆ ತೆಗೆಯಿತು. ಎಸ್‌ಡಿಎಂಸಿಯ ಠರಾವು ಪುಸ್ತಕದಲ್ಲಿ ಏನು ಬರೆದಿದೆ ಎಂದು ಓದಿ ಹೇಳದೆ ಸದಸ್ಯೆಯರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಚಿಕ್ಕ ವಿಷಯವಲ್ಲ.

ಮಾಡಬೇಕಾದದ್ದು ದೊಡ್ಡ ಖರ್ಚಿನದೇನಲ್ಲ. ಹಿಂದೆ ಊರಿನಲ್ಲಿ ಡಂಗುರ ಸಾರುತ್ತಿದ್ದರು. ಅದಕ್ಕೆ ಓದು ಬೇಕಿರಲಿಲ್ಲ, ಕಿವಿ ಸಾಕಿತ್ತು. ಈಗ ಮಸೀದಿಯ ಮೈಕಿನಲ್ಲಿ ಜನಾಝಾದ ಸಮಯ ಹೇಳುತ್ತೇವೆ, ಕಳೆದುಹೋದ ಮೇಕೆಯ ಗುರುತನ್ನೂ ಹೇಳುತ್ತೇವೆ. ಪರೀಕ್ಷೆಯ ಅರ್ಜಿಗೆ ಇನ್ನು ಹತ್ತು ದಿನ ಉಳಿದಿದೆ ಎಂಬುದನ್ನು ಜುಮಾ ನಂತರ ಎರಡು ನಿಮಿಷ ಹೇಳಿದರೆ ಮಸೀದಿಯ ಗೌರವ ಹೆಚ್ಚುತ್ತದೆಯೇ ಹೊರತು ಕುಂದದು. ಗುಡಿಯಲ್ಲೂ ಮಠದಲ್ಲೂ ಅದೇ ಆಗಲಿ; ದಲಿತರ ಕೇರಿಗೂ ತಾಂಡಾಕ್ಕೂ ಆ ದನಿ ಮುಟ್ಟುವಂತಿರಲಿ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಪಕ್ಕದ ಕಲ್ಯಾಣದ ಶರಣರು ದೊಡ್ಡ ಮಾತುಗಳನ್ನು ಜನರ ನುಡಿಯಲ್ಲಿ ಆಡಿದ ನೆಲ ಇದು. ಪಾಲಕರ ಸಭೆ ಸಂಜೆ, ಕೂಲಿ ಮುಗಿದ ಮೇಲೆ ಸೇರಲಿ. ಏಳು, ಎಂಟನೆಯ ತರಗತಿಯ ಮಕ್ಕಳು ನೋಟಿಸನ್ನು ಮನೆಯಲ್ಲಿ ತಾಯಿಗೆ ಅವಳ ಮಾತಿನಲ್ಲಿ ಹೇಳಿ, ಅವಳೇನು ಕೇಳಿದಳು ಎಂಬುದನ್ನು ಮರುದಿನ ಶಾಲೆಗೆ ತಂದು ಹೇಳಲಿ. ಆಗ ಸುದ್ದಿ ಹೋಗುವುದಷ್ಟೇ ಅಲ್ಲ, ಮರಳಿಯೂ ಬರುತ್ತದೆ.

ನಾಳೆ ಲೆಕ್ಕ ಕೊಡುವ ದಿನ ನಮ್ಮ ಹಣದ ಬಗ್ಗೆ ಕೇಳಲಾಗುತ್ತದೆ ಎಂದು ನಂಬುತ್ತೇವೆ, ಅದಕ್ಕಾಗಿ ಝಕಾತ್ ಲೆಕ್ಕ ಹಾಕುತ್ತೇವೆ. ನಮಗೆ ತಿಳಿದಿದ್ದರ ಬಗ್ಗೆಯೂ ಕೇಳಲಾಗುತ್ತದೆ. ಆ ಲೆಕ್ಕವನ್ನು ಈ ವರ್ಷ ಒಂದು ಮನೆಯಿಂದ ಆರಂಭಿಸಬಹುದು: ನಿಮ್ಮ ಓಣಿಯಲ್ಲಿ ಐದನೆಯ ತರಗತಿಯಲ್ಲಿ ಯಾರ ಮಗುವಿದೆ, ಎಂಟರಲ್ಲಿ ಯಾರ ಮಗಳಿದ್ದಾಳೆ, ಅರ್ಜಿಯ ವಿಷಯ ಅವರ ತಾಯಿಗೆ ಗೊತ್ತಿದೆಯೇ ಎಂದು ಹೋಗಿ ವಿಚಾರಿಸಿ.