ಅಗಲ

ಮಗ ಮೊದಲ ಸಂಬಳ ತಂದ ತಿಂಗಳು, 2012ರ ಮಳೆಗಾಲಕ್ಕೆ ಸ್ವಲ್ಪ ಮುಂಚೆ, ನಮ್ಮ ಡೊಂಬಿವಲಿಯ ಮನೆಯಲ್ಲಿ ಒಂದು ವಾದ ಹುಟ್ಟಿಕೊಂಡಿತು. ವಿಷಯ ಕೇಳಿದರೆ ನೀವು ನಗಬಹುದು: ಬೈಕಿನ ಹಿಂದಿನ ಟೈರು.

ಬೈಕು ನಾನು 2004ರಲ್ಲಿ ಕೊಂಡ ಹೀರೋ ಹೋಂಡಾ ಸ್ಪ್ಲೆಂಡರ್. ಅದರ ಟೈರಿನ ಅಳತೆ 2.75-18. ಅಂದರೆ ಅಗಲ ಎರಡೂಮುಕ್ಕಾಲು ಇಂಚು, ಸುಮಾರು 70 ಮಿಲಿಮೀಟರು. ರಿಮ್ಮಿನ ವ್ಯಾಸ 18 ಇಂಚು. ಮಗನಿಗೆ ಬೇಕಾಗಿದ್ದು 100/90-18, ಅಂದರೆ ನೂರು ಮಿಲಿಮೀಟರು ಅಗಲದ್ದು. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ವಿಚಾರಿಸಿಯೂ ಬಂದಿದ್ದ. ಹಳೆಯ ಗಾಡಿಗಳ ಬಿಡಿಭಾಗಗಳಿಗೆ ಆ ರಸ್ತೆ ಇಡೀ ಮುಂಬಯಿಗೆ ಪ್ರಸಿದ್ಧ. ಅಲ್ಲಿಯ ಅಂಗಡಿಯವನು ಹೇಳಿದ್ದು ಒಂದೇ ಮಾತು: "ದಿಖೇಗಾ ಅಚ್ಛಾ."

ನಮ್ಮ ಸ್ಟೇಷನ್ ಹತ್ತಿರದ ಪಂಕ್ಚರ್ ಅಂಗಡಿಯವರು ಬೇರೆಯೇ ಹೇಳಿದರು. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ಅದು ಎರಡೂ ಬದಿಯಿಂದ ಹಿಂಡಿಕೊಂಡು ಮೊಟ್ಟೆಯಂತೆ ಗುಂಡಗಾಗುತ್ತದೆ. ನಡುಭಾಗ ಮಾತ್ರ ಬೇಗ ಸವೆಯುತ್ತದೆ, ತಿರುವಿನಲ್ಲಿ ಬದಿಗಳು ಓಲಾಡುತ್ತವೆ. ಒಂದು ಕಡೆ ಚೈನು, ಮೇಲೆ ಮಡ್‌ಗಾರ್ಡು, ಎರಡಕ್ಕೂ ಉಜ್ಜುವ ಭಯ. ನೂರು ಸಿಸಿಯೂ ತುಂಬದ ಎಂಜಿನ್ನು ಆ ಹೆಚ್ಚಿನ ಭಾರ ಎಳೆಯಬೇಕು, ಮೈಲೇಜು ಇಳಿಯುತ್ತದೆ. ಅಗಲ ಹೆಚ್ಚಿದ ಮಾತ್ರಕ್ಕೆ ಹಿಡಿತವೂ ಅದೇ ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಟೈರು ನೆಲವನ್ನು ಎಷ್ಟು ಮುಟ್ಟುತ್ತದೆ ಎನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೇಲಿನ ಭಾರ ಮತ್ತು ಒಳಗಿನ ಗಾಳಿ.

ನನಗೆ ಇಷ್ಟು ಸಾಕಾಯಿತು. ಜೀವಮಾನವಿಡೀ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವನು ನಾನು. ರಿಮ್ಮು ನೋಡಿ ಟೈರು ಕೊಡುವುದೇ ನನ್ನ ಕಸುಬಾಗಿತ್ತು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯನ್ನು ಮನಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ ಎಂದೂ ಸೇರಿಸಿದೆ. (ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಒಂದು ಟೈರು ಅದರಲ್ಲಿ ಎಷ್ಟು ಬರುತ್ತದೆ ಎನ್ನುವುದು ವಕೀಲರಿಗೆ ಬಿಟ್ಟ ಚರ್ಚೆ.)

ಮಗ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ನಮ್ಮ ಕುಂದಾಪುರದ ಮಾತಿನಲ್ಲೇ ಕೇಳಿದ: "ಅಪ್ಪಯ್ಯ, ನೀವ್ ಬಾಲ್ಕನಿ ಮುಚ್ಚಿದ್ದ್ ಯಾರತ್ರ ಕೇಂಡ್?"

ಉತ್ತರ ಇರಲಿಲ್ಲ. 1993ರಲ್ಲಿ ತಂದೆ ತೀರಿಕೊಂಡ ಮೇಲೆ ಅಮ್ಮನನ್ನು ಕರೆದುಕೊಂಡು ಬಂದಿದ್ದೆ. ಒಂದು ಕೋಣೆ, ಒಂದು ಅಡುಗೆಮನೆಯ ಮನೆ. ಅಮ್ಮನ ಮಂಚಕ್ಕೆ ಜಾಗವಿಲ್ಲ. ನಾಲ್ಕಡಿ ಬಾಲ್ಕನಿಗೆ ಇಟ್ಟಿಗೆ ಗೋಡೆ ಕಟ್ಟಿಸಿ, ಕಿಟಕಿ ಇಡಿಸಿ ಕೋಣೆ ಮಾಡಿದೆ. ಸೊಸೈಟಿಯನ್ನು ಕೇಳಲಿಲ್ಲ. ಹೊರಕ್ಕೆ ಚಾಚಿದ ಆ ಸ್ಲ್ಯಾಬು ಗೋಡೆಯ ಭಾರ ತಡೆಯುತ್ತದೋ ಎಂದು ಯಾವ ಎಂಜಿನಿಯರನ್ನೂ ಕೇಳಲಿಲ್ಲ. ಅದರ ಕೆಳಗೇ ಇನ್ನೊಂದು ಸಂಸಾರ ಇತ್ತು, ಅವರ ಮಕ್ಕಳು ಅಲ್ಲೇ ಆಡುತ್ತಿದ್ದರು. ಹತ್ತೊಂಬತ್ತು ವರ್ಷ ಏನೂ ಆಗಲಿಲ್ಲ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ. ತಪಾಸಣೆಯನ್ನೇ ಮಾಡದೆ ಒಂದು ಖಾತೆಯನ್ನು 'ಉತ್ತಮ' ಎಂದು ಬರೆದಿಟ್ಟ ಹಾಗೆ.

ಊರಲ್ಲಿ ಮನೆ ದೊಡ್ಡದು ಮಾಡುವುದೆಂದರೆ ನಮ್ಮ ಅಂಗಳದ ಕಡೆಗೆ. ನೆಂಟರು ಹೆಚ್ಚಾದರೆ ಚಪ್ಪರ ಹಾಕಿದರಾಯಿತು. ಮುಂಬಯಿಯಲ್ಲಿ ಯಾವ ಕಡೆ ಅಗಲವಾದರೂ ಇನ್ನೊಬ್ಬರ ತಲೆಯ ಮೇಲೇ ಅಗಲವಾಗಬೇಕು.

ನನ್ನದು ಅಗತ್ಯ, ಅವನದು ಶೋಕಿ ಎಂದು ವಾದಿಸಬಹುದಿತ್ತು. ರಾತ್ರಿ ಮಲಗಿ ಹಾಗೇ ವಾದಿಸಿಕೊಂಡೆ ಕೂಡ. ಆದರೆ ಸ್ಲ್ಯಾಬಿಗೆ ಅಗತ್ಯ, ಶೋಕಿ ಎಂಬ ಭೇದ ಗೊತ್ತಿಲ್ಲ; ಅದಕ್ಕೆ ಭಾರ ಅಂದರೆ ಭಾರವೇ. ಅಲ್ಲದೆ ಅವನದು ಬರೀ ಶೋಕಿಯೇ ಅಂತ ಹೇಳಲು ನಾನ್ಯಾರು? ಅಜ್ಜಿಯ ಮಂಚದ ಪಕ್ಕ ಕಾಲು ಮಡಚಿಕೊಂಡು ಓದಿ ಬೆಳೆದ ಹುಡುಗ. ಸ್ವಂತ ದುಡ್ಡಿನಲ್ಲಿ ಎಲ್ಲಾದರೂ ಒಂದಂಗುಲ ಅಗಲವಾಗಬೇಕು ಅನ್ನಿಸಿದ್ದರೆ ಅದರಲ್ಲಿ ತಪ್ಪೇನು? 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ಗಾಳಿ ತುಂಬಿದ ಟೈರು ಮಾಡಿದ್ದೇ ತನ್ನ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುದಾರಿಯಲ್ಲಿ ಕುಲುಕದಿರಲಿ ಎಂದು.

ಹಾಗಾದರೆ ತಪ್ಪು ಎಲ್ಲಿದೆ? ಬೆಳಗಾಗುವಷ್ಟರಲ್ಲಿ ನನಗೆ ಹೊಳೆದದ್ದು ಇಷ್ಟು. ಆ ಬೈಕಿನ ಹಿಂದಿನ ಸೀಟಿನಲ್ಲಿ ದಿನಾ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವವಳು ಅವನ ತಾಯಿ. ಅವಳ ಭಾರ ಬೀಳುವುದು ಆ ಟೈರಿನ ಮೇಲೆ. ಅವಳನ್ನು ಅವನೂ ಕೇಳಿರಲಿಲ್ಲ, ಕಾಯ್ದೆ ಹೇಳಿದ ನಾನೂ ಕೇಳಿರಲಿಲ್ಲ. ಕೆಳಗಿನ ಮನೆಯವರನ್ನು ನಾನು ಕೇಳದೆ ಇದ್ದ ಹಾಗೇ. 'ನನ್ನ ಗಾಡಿ, ನನ್ನ ದುಡ್ಡು' ಎನ್ನುವ ಮಾತು ಒಬ್ಬನೇ ಕೂತಾಗ ಅಷ್ಟಿಷ್ಟು ನಡೆದೀತು. ಹಿಂದೆ ಒಬ್ಬರು ಕೂತ ಮೇಲೆ ಅವರ ಮಾತೂ ಲೆಕ್ಕಕ್ಕೆ ಬರಬೇಕು.

ಬೆಳಿಗ್ಗೆ ಮಗನ ಹತ್ತಿರ ಹೇಳಿದೆ: "ನಿನ್ನ ಟೈರೂ ನೋಡುವ, ನನ್ನ ಬಾಲ್ಕನಿಯೂ ನೋಡುವ." ಯಾವ ಅಗಲದ ರಿಮ್ಮಿಗೆ ಯಾವ ಟೈರು ಎಂಬ ಪಟ್ಟಿಯನ್ನು ಟೈರು ತಯಾರಕರೇ ಕೊಡುತ್ತಾರೆ. ನೂರರದ್ದು ನಮ್ಮ ರಿಮ್ಮಿಗೆ ಹೊಂದುವುದಿಲ್ಲ ಎಂದು ಅವನೇ ನೋಡಿ ಒಪ್ಪಿಕೊಂಡ. ಒಂದು ಮೆಟ್ಟಿಲು ಮೇಲಿನ 3.00-18 ಹೊಂದುತ್ತಿತ್ತು. ಅಮ್ಮನನ್ನು ಕೇಳಿದ. "ಜಾರದಿದ್ರೆ ಸಾಕು ಮಗಾ" ಅಂದಳು. ಅದನ್ನೇ ಹಾಕಿಸಿದ. ಕಾಲಿಂಚು ಹೆಚ್ಚು, ಅಷ್ಟೆ.

ಬಾಲ್ಕನಿಗೆ ಎಂಜಿನಿಯರನ್ನು ಕರೆಸಿದೆ. ಇಟ್ಟಿಗೆ ಗೋಡೆ ತೆಗೆಸಿ, ಬಿರುಕು ರಿಪೇರಿ ಮಾಡಿಸಿ, ಸೊಸೈಟಿಗೆ ಬರೆದುಕೊಟ್ಟು, ಹಗುರವಾದ ಅಲ್ಯೂಮಿನಿಯಂ ಕಿಟಕಿ ಹಾಕಿ ಅಂದರು. ಖರ್ಚಿನಲ್ಲಿ ಹತ್ತಾರು ಟೈರು ಬರುತ್ತಿತ್ತು. ಅಮ್ಮ ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು.

ಕೆಲಸ ಶುರು ಮಾಡುವ ಮುಂಚೆ ಕೆಳಗಿನ ಮನೆಗೆ ಹೋಗಿ, ತಡವಾಯಿತು, ಕ್ಷಮಿಸಿ ಅಂದೆ. ಆ ಮರಾಠಿ ಮುದುಕಿ ಚಹಾ ಕೊಟ್ಟರು. ಪ್ರತಿ ಮಳೆಗಾಲದಲ್ಲೂ ಆ ಬಿರುಕನ್ನು ನೋಡುತ್ತಿದ್ದೆವು, ಮಕ್ಕಳನ್ನು ಅದರಡಿ ಆಡಲು ಬಿಡುವುದನ್ನೇ ನಿಲ್ಲಿಸಿದ್ದೆವು ಎಂದರು.

"ಮತ್ತೆ ಹೇಳಲಿಲ್ಲ ಯಾಕೆ?" ಎಂದು ಕೇಳಿದೆ.

"ಮೇಲೆ ನಿಮ್ಮ ತಾಯಿ ಮಲಗುತ್ತಿದ್ದರಲ್ಲ. ಅವರನ್ನು ಎಲ್ಲಿಗೆ ಕಳಿಸುತ್ತಿದ್ದಿರಿ?"

ಚಹಾ ತಣ್ಣಗಾಗುವವರೆಗೂ ನಾನು ತಲೆ ಎತ್ತಲಿಲ್ಲ.