ಜಾವಾ ಫ್ರೇಮ್‌ವರ್ಕ್‌ಗಳಲ್ಲಿ ಕರ್ತೃ ಯಾರು?

ಲೈಬ್ರರಿಗೂ ಫ್ರೇಮ್‌ವರ್ಕ್‌ಗೂ ಇರುವ ವ್ಯತ್ಯಾಸ ಕರ್ತೃತ್ವದ್ದು. ಲೈಬ್ರರಿಯನ್ನು ಪ್ರೋಗ್ರಾಮರ್ ಬರೆದ ಕೋಡ್ ಕರೆಯುತ್ತದೆ; ಫ್ರೇಮ್‌ವರ್ಕ್ ಆ ಕೋಡನ್ನೇ ಕರೆಯುತ್ತದೆ. ಬ್ರೌಸರಿನಿಂದ ಕೋರಿಕೆ ಬಂದಾಗ ಯಾವ ಮೆಥಡ್ ಓಡಬೇಕೆಂದು ತೀರ್ಮಾನಿಸುವುದು ಫ್ರೇಮ್‌ವರ್ಕೇ. ಹಾಗಾದರೆ ಕೆಲಸ ಮಾಡಿದವರು ಯಾರು? ವೇದಾಂತಕ್ಕೆ ಇದು ಹಳೆಯ ಪ್ರಶ್ನೆ. ಉಡುಪಿಯ ಮಧ್ವಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ಇರುವುದನ್ನೆಲ್ಲ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸುತ್ತಾರೆ. ಅವರ ದ್ವೈತದ ಪ್ರಕಾರ ಜೀವನಿಗೂ ಕರ್ತೃತ್ವ ಉಂಟು, ಆದರೆ ಅದು ಪರಾಧೀನ. ಜಾವಾ ಫ್ರೇಮ್‌ವರ್ಕ್‌ಗಳನ್ನು ಹೋಲಿಸುವಾಗ ವೇಗದ ಅಂಕಿಗಳಿಗಿಂತ ಈ ಪರಾಧೀನತೆಯ ಬಗೆಯೇ ಹೆಚ್ಚು ಹೇಳುತ್ತದೆ.

2000ರಲ್ಲಿ ಕ್ರೇಗ್ ಮೆಕ್‌ಕ್ಲಾನಹನ್ ಆರಂಭಿಸಿದ ಸ್ಟ್ರಟ್ಸ್‌ನ ಮೊದಲ ರೂಪದಲ್ಲಿ ಅಧೀನತೆ ಬಹಿರಂಗವಾಗಿತ್ತು. ಪ್ರತಿ ಕ್ರಿಯೆಯ ಕ್ಲಾಸೂ ‘ಆಕ್ಷನ್’ ಎಂಬ ಕ್ಲಾಸಿನ ಸಂತಾನವಾಗಬೇಕಿತ್ತು, ವಿಳಾಸಗಳ ಪಟ್ಟಿಯನ್ನು ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಡಬೇಕಿತ್ತು. ಬೇಸರದ ಕೆಲಸವೇ ಸರಿ. ಯಜಮಾನ ಯಾರೆಂಬ ಗೊಂದಲವಂತೂ ಇರಲಿಲ್ಲ.

2004ರಲ್ಲಿ 1.0 ಆವೃತ್ತಿ ಕಂಡ ಸ್ಪ್ರಿಂಗ್ ಈ ನಂಟನ್ನು ಮರೆಮಾಡಿತು. ಕ್ಲಾಸು ಯಾರ ಸಂತಾನವೂ ಆಗಬೇಕಿಲ್ಲ; ಅದಕ್ಕೆ ಬೇಕಾದ್ದನ್ನೆಲ್ಲ ಕಂಟೇನರ್ ತಂದುಕೊಡುತ್ತದೆ. ಮೇಲ್ನೋಟಕ್ಕೆ ಪೂರ್ಣ ಸ್ವಾತಂತ್ರ್ಯ. ಒಂದು ಮೆಥಡ್‌ಗೆ ‘ಟ್ರಾನ್ಸಾಕ್ಷನಲ್’ ಎಂಬ ಗುರುತು ಹಚ್ಚಿದಾಗ ಮರ್ಮ ಬಯಲಾಗುತ್ತದೆ. ಸ್ಪ್ರಿಂಗ್ ಸಾಮಾನ್ಯವಾಗಿ ಆ ಆಬ್ಜೆಕ್ಟಿನ ಮುಂದೆ ಒಂದು ಪ್ರಾಕ್ಸಿಯನ್ನು ನಿಲ್ಲಿಸುತ್ತದೆ. ಹೊರಗಿನ ಕರೆ ಪ್ರಾಕ್ಸಿಯನ್ನು ಹಾದು ಬರುವುದರಿಂದ ಟ್ರಾನ್ಸಾಕ್ಷನ್ ಶುರುವಾಗುತ್ತದೆ. ಅದೇ ಕ್ಲಾಸಿನ ಗುರುತಿಲ್ಲದ ಇನ್ನೊಂದು ಮೆಥಡ್ ‘ದಿಸ್’ ಮೂಲಕ ಅದನ್ನು ಕರೆದರೆ ಪ್ರಾಕ್ಸಿ ತಪ್ಪಿಹೋಗಿ ಟ್ರಾನ್ಸಾಕ್ಷನ್ ಶುರುವಾಗುವುದೇ ಇಲ್ಲ. ದೋಷದ ಸಂದೇಶವೂ ಬರುವುದಿಲ್ಲ. ನಡುವೆ ಏನಾದರೂ ಕೆಟ್ಟರೆ ಅರ್ಧಕ್ಕೆ ನಿಂತ ಲೆಕ್ಕ ಡೇಟಾಬೇಸಿನಲ್ಲಿ ಹಾಗೇ ಉಳಿದಿರುತ್ತದೆ. ಒಳಗಿನ ‘ನಾನು’ ಬೇರೆ, ಅದರ ಹೆಸರಿನಲ್ಲಿ ಬಾಗಿಲಲ್ಲಿ ನಿಂತ ‘ನಾನು’ ಬೇರೆ. ಎರಡನ್ನೂ ಒಂದೆಂದು ಬಗೆಯುವುದಕ್ಕೆ ಅದ್ವೈತಿಗಳಾದರೆ ಅಧ್ಯಾಸ ಎಂದಾರು.

ವಿಕೆಟ್ ಎಂಬ ಇನ್ನೊಂದು ಫ್ರೇಮ್‌ವರ್ಕ್ ಪ್ರೋಗ್ರಾಮರ್‌ಗೆ ಹೆಚ್ಚು ಕರ್ತೃತ್ವ ಬಿಟ್ಟುಕೊಡುತ್ತದೆ. ಅದರಲ್ಲಿ ಪುಟವೂ ಒಂದು ಜಾವಾ ಆಬ್ಜೆಕ್ಟ್; ಅದರೊಳಗಿನ ಭಾಗಗಳನ್ನು ಪ್ರೋಗ್ರಾಮರ್ ‘ನ್ಯೂ’ ಎಂದು ತಾನೇ ಸೃಷ್ಟಿಸುತ್ತಾನೆ. ಪುಟದ ಸ್ಥಿತಿಯನ್ನು ಸಾಮಾನ್ಯವಾಗಿ ಸರ್ವರ್ ಹೊತ್ತುಕೊಂಡಿರಬೇಕಾದದ್ದು ಇದರ ಬೆಲೆ.

ಅಧೀನತೆ ಯಾವಾಗ ನಿಶ್ಚಯವಾಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಸ್ಪ್ರಿಂಗ್ ಮೊದಲಿನಿಂದಲೂ ಸಾಮಾನ್ಯವಾಗಿ ಯಾವುದಕ್ಕೆ ಯಾವುದನ್ನು ಜೋಡಿಸಬೇಕೆಂದು ಅಪ್ಲಿಕೇಶನ್ ಏಳುವ ಹೊತ್ತಿನಲ್ಲಿ ಹುಡುಕುತ್ತ ಬಂದಿದೆ. 2018ರಲ್ಲಿ 1.0 ಕಂಡ ಮೈಕ್ರೊನಾಟ್ ಅದನ್ನು ಕಂಪೈಲ್ ಹಂತದಲ್ಲೇ ಮುಗಿಸುತ್ತದೆ. 2019ರಲ್ಲಿ ಬಂದ ಕ್ವಾರ್ಕಸ್ ಕೂಡ ಹಣೆಬರಹವನ್ನು ಬಹುಮಟ್ಟಿಗೆ ಬಿಲ್ಡ್ ಸಮಯದಲ್ಲೇ ಬರೆದುಬಿಡುತ್ತದೆ. ಅಪ್ಲಿಕೇಶನ್ ಬೇಗ ಏಳುತ್ತದೆ, ಮೆಮೊರಿಯೂ ಕಡಿಮೆ ಸಾಕು. ಕ್ವಾರ್ಕಸ್‌ನಲ್ಲಿ ಓಡಿಸುವಾಗ ಡೇಟಾಬೇಸಿನ ವಿಳಾಸ, ಪಾಸ್‌ವರ್ಡ್ ಬದಲಿಸಬಹುದು. ಆದರೆ ಡೇಟಾಬೇಸೇ ಪೋಸ್ಟ್‌ಗ್ರೆಸ್ ಬದಲು ಮೈಎಸ್‌ಕ್ಯೂಎಲ್ ಆಗಬೇಕೆಂದರೆ ಮತ್ತೆ ಬಿಲ್ಡ್ ಆಗಿಯೇ ಬರಬೇಕು.